ಜೋಕರ್ ಇಲ್ಲವೆಂದ ಆರ್ಥರ್‌ನ ಮೇಲೆ ಇಷ್ಟೊಂದು ಸಿಟ್ಟೇಕೆ?

ಬ್ಯಾಟ್‌ಮ್ಯಾನ್ ಕಾಮಿಕ್ಕಿನ ಖಳನಾಯಕನ ಕಥೆ ಹೇಳುವ ‘ಜೋಕರ್’ ಚಿತ್ರದ ಎರಡನೆಯ ಭಾಗ ‘ಜೋಕರ್: ಫೋಲಿ ಆ ಡ್ಯೂ’ 2024ರ ಅಕ್ಟೋಬರ್ 2ರಂದು ನಮ್ಮಲ್ಲಿ ತೆರೆಕಂಡಾಗ ಅಭಿಮಾನಿಗಳಲ್ಲಿ ಎದ್ದ ಸಿಟ್ಟು ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಹುಬ್ಬಳ್ಳಿಯಲ್ಲಿ ಸಿನಿಮಾ ಹುಚ್ಚಿನ ನಾಲ್ಕು ಜನ ಕೂತಲ್ಲಿ ಈ ಚಿತ್ರದ ಹೆಸರೆತ್ತಿದರೆ ‘ಮೋಸ’ ಎಂಬ ಮಾತು ಬಂದೇ ಬರುತ್ತದೆ. ಚಿತ್ರ ಸೋತಿತು, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಯಾವ ಕಾರಣಕ್ಕೆ ಅದನ್ನು ಬೈಯಬೇಕೋ ಆ ಕಾರಣಕ್ಕೆ ಬೈಯದೆ, ಅದು ಮಾಡಿದ ಒಂದೇ ಒಂದು ದೊಡ್ಡ ಕೆಲಸಕ್ಕಾಗಿ ಎಲ್ಲರೂ ಅದನ್ನು ಬೈಯುತ್ತಿದ್ದಾರೆ ಎಂಬುದು ನನ್ನ ತಕರಾರು. ಅದನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸಿದೆ. ಕಥೆಯನ್ನು ಕೊನೆಯವರೆಗೂ ಬಿಚ್ಚಿಯೇ ಹೇಳುತ್ತೇನೆ. ನೋಡದವರು ನೋಡಿಕೊಂಡು ಬಂದು ಓದಿದರೆ ಒಳ್ಳೆಯದು.

ಮೊದಲ ಭಾಗ ಬಂದದ್ದೂ ಗಾಂಧಿ ಜಯಂತಿಯಂದೇ, 2019ರಲ್ಲಿ. ಟಾಡ್ ಫಿಲಿಪ್ಸ್ ನಿರ್ದೇಶಿಸಿದ ಆ ಚಿತ್ರ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಗೆದ್ದಿತ್ತು, ಜೋಕರ್ ಆಗಿ ಬದಲಾಗುವ ಆರ್ಥರ್‌ನ ಪಾತ್ರ ಮಾಡಿದ ವಾಕೀನ್ ಫೀನಿಕ್ಸ್‌ಗೆ ಶ್ರೇಷ್ಠ ನಟನ ಆಸ್ಕರ್ ತಂದುಕೊಟ್ಟಿತು, ಜಗತ್ತಿನಾದ್ಯಂತ ನೂರು ಕೋಟಿ ಡಾಲರ್‌ಗೂ ಮಿಕ್ಕಿ ಗಳಿಸಿತು. ಇದೆಲ್ಲ ದೂರದ ಲೆಕ್ಕ. ನಮ್ಮ ಕಣ್ಣಿಗೆ ಕಂಡದ್ದು ಬೇರೆ. ಹಳೇ ಹುಬ್ಬಳ್ಳಿಯ ಆಟೋಗಳ ಹಿಂದೆ, ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ, ಹುಡುಗರ ಮೊಬೈಲ್ ಕವರಿನ ಮೇಲೆ ಹೊಸದೊಂದು ಮುಖ ಬಂದು ಕೂತಿತು. ಅದಕ್ಕೂ ಮೊದಲು ಅಲ್ಲಿದ್ದದ್ದು 2008ರ ಚಿತ್ರದಲ್ಲಿ ಜೋಕರ್ ಆಗಿದ್ದ ಹೀತ್ ಲೆಜರ್ ಮುಖ, ಅಲ್ಲೊಂದು ಇಲ್ಲೊಂದು ಈಗಲೂ ಇದೆ. ದುರ್ಗದಬೈಲಿನಲ್ಲಿ ಸ್ಟಿಕರ್ ಮಾರುವವರ ಹತ್ತಿರ ದೇವರ ಚಿತ್ರಗಳ ಪಕ್ಕದಲ್ಲೇ ಕೆಂಪು ಕೋಟಿನ ಆರ್ಥರ್ ಕುಣಿಯುವ ಚಿತ್ರವೂ ಸಿಗುತ್ತಿತ್ತು. ಬ್ಯಾಟ್‌ಮ್ಯಾನ್‌ನ ಕಾಮಿಕ್ ಪುಸ್ತಕವನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದ ಹುಡುಗರು ಆ ಸ್ಟಿಕರನ್ನು ಅಂಟಿಸಿಕೊಂಡಿದ್ದರು.

ಅವರಿಗೆ ಆರ್ಥರ್ ಏಕೆ ಅಷ್ಟು ಹಿಡಿಸಿದ ಎಂಬುದು ನನಗೆ ಅರ್ಥವಾಗುತ್ತದೆ. ಬಾಡಿಗೆಗೆ ಕೋಡಂಗಿ ವೇಷ ಹಾಕುವ, ಅಶಕ್ತ ತಾಯಿಯನ್ನು ನೋಡಿಕೊಳ್ಳುವ, ಬೇಡದ ಹೊತ್ತಿನಲ್ಲಿ ತಡೆಯಲಾಗದ ನಗು ಬರುವ ಕಾಯಿಲೆಯುಳ್ಳ ಒಬ್ಬ ಬಡವ. ಸರಕಾರ ಹಣ ಕಡಿತ ಮಾಡಿದ್ದರಿಂದ ಅವನ ಆಪ್ತಸಮಾಲೋಚನೆಯೂ ನಿಲ್ಲುತ್ತದೆ, ಔಷಧಿಯೂ ನಿಲ್ಲುತ್ತದೆ. ಪದವಿ ಮುಗಿಸಿ ಧಾರವಾಡದ ಬಾಡಿಗೆ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ, ಅಧಿಸೂಚನೆಗಾಗಿ ಕಾದು, ಪರೀಕ್ಷೆ ಮುಂದೆ ಹೋಗಿ, ಊರಿಗೆ ಹೋದಾಗಲೆಲ್ಲ ‘ಏನಾತಪಾ, ನೌಕರಿ ಹತ್ತಿತೇನು?’ ಎಂಬ ಪ್ರಶ್ನೆಗೆ ತಲೆ ತಗ್ಗಿಸುವ ಹುಡುಗರಿಗೆ ಆರ್ಥರ್‌ನ ಅವಮಾನದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಕೊನೆಗೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಎದೆ ಸೆಟೆಸಿ ಮೆಟ್ಟಿಲ ಮೇಲೆ ಕುಣಿದಾಗ ತಾವೇ ಕುಣಿದಂತೆ ಅವರಿಗೆ ಅನಿಸಿತು. ಅದನ್ನು ನಾನು ತಪ್ಪೆನ್ನುವುದಿಲ್ಲ. ಅಭಿಮಾನ ಹುಟ್ಟುವುದೇ ಹಾಗೆ.

ಎರಡನೆಯ ಭಾಗ ಬಂದ ದಿನ ಮಹಾನವಮಿ ಅಮಾವಾಸ್ಯೆಯೂ ಆಗಿತ್ತು. ಮನೆಯಲ್ಲಿ ಹಿರಿಯರಿಗೆ ಎಡೆ ಹಿಡಿದು, ಹೋಳಿಗೆ ಊಟ ಮುಗಿಸಿ, ಅಕ್ಕನ ಮಗನ ಜೊತೆ ಗೋಕುಲ ರಸ್ತೆಯ ಮಾಲಿಗೆ ಸಂಜೆಯ ಆಟಕ್ಕೆ ಹೋದೆ. ಬಾಗಿಲಲ್ಲಿ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಬಂದ ಕಾಲೇಜು ಹುಡುಗರ ಗುಂಪೊಂದು ಫೋಟೋ ತೆಗೆಸಿಕೊಳ್ಳುತ್ತಿತ್ತು. ಮಧ್ಯಂತರದ ಹೊತ್ತಿಗೆ ಅವರ ಸದ್ದಡಗಿತ್ತು. ಕೊನೆಯ ಅರ್ಧ ಗಂಟೆ ಉಳಿದಿರುವಾಗಲೇ ಕೆಲವರು ಎದ್ದು ಹೋದರು. ಹೊರಗೆ ಬಂದಾಗ ಅಳಿಯ ಹೇಳಿದ ಮಾತು ನನ್ನ ತಲೆಯಲ್ಲಿ ಇನ್ನೂ ಇದೆ: ‘ಮಾಮಾ, ನಾ ಜೋಕರೇ ಅಲ್ಲ ಅಂತ ಅಂವನ ಅಂದಮ್ಯಾಲೆ ನಾವ್ಯಾಕ ರೊಕ್ಕಾ ಕೊಟ್ಟ ನೋಡಬೇಕಿತ್ತು?’

ಅದೇ ವಾರ ಅಮೆರಿಕದ ಪ್ರೇಕ್ಷಕರೂ ಬೇರೆ ಮಾತಿನಲ್ಲಿ ಇದನ್ನೇ ಹೇಳಿದರು. ಚಿತ್ರಮಂದಿರದಿಂದ ಹೊರಬರುವವರನ್ನು ಕೇಳಿ ದರ್ಜೆ ನೀಡುವ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಮೊದಲ ಭಾಗಕ್ಕೆ ಬಿ ಪ್ಲಸ್ ಸಿಕ್ಕಿತ್ತು, ಇದಕ್ಕೆ ಸಿಕ್ಕಿದ್ದು ಡಿ. ಕಾಮಿಕ್ ಪಾತ್ರಗಳ ದೊಡ್ಡ ಚಿತ್ರವೊಂದಕ್ಕೆ ಅಷ್ಟು ಕೆಳಗಿನ ದರ್ಜೆ ಅದುವರೆಗೆ ಬಂದಿರಲಿಲ್ಲ. ಎರಡನೆಯ ವಾರಾಂತ್ಯಕ್ಕೆ ಅಲ್ಲಿನ ಗಳಿಕೆ ಶೇ 80ಕ್ಕಿಂತ ಹೆಚ್ಚು ಕುಸಿಯಿತು. ಸುಮಾರು 20 ಕೋಟಿ ಡಾಲರ್ ಸುರಿದು ಮಾಡಿದ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದೂ ಹೆಚ್ಚು ಕಡಿಮೆ ಅಷ್ಟೇ, ಅದರಲ್ಲಿ ಚಿತ್ರಮಂದಿರದವರ ಪಾಲು ಬೇರೆ ಹೋಗಬೇಕು.

ಬೈಗುಳದಲ್ಲಿ ಮೊದಲು ಬಂದದ್ದು ಹಾಡುಗಳ ಮಾತು. ‘ಜೋಕರ್ ಹಾಡ್ತಾನೇನ್ರಿ?’ ಎಂದು ನಮ್ಮ ಹುಡುಗರು ಕೇಳಿದರು. ಅಮೆರಿಕದವರು ಕೇಳಿದರೆ ಸರಿ, ನಾವು ಕೇಳುವುದು ಹೇಗೆ? ನಮ್ಮ ಸಿನಿಮಾ ಮಾತು ಕಲಿತದ್ದೇ ಹಾಡಿನ ಜೊತೆಗೆ. ಅದಕ್ಕೂ ಹಿಂದೆ ನಮ್ಮ ಸೀಮೆಯನ್ನು ಆಳಿದ ಕಂಪನಿ ನಾಟಕಗಳಲ್ಲಿ ರಾಜನೂ ಹಾಡುತ್ತಿದ್ದ, ರಾಕ್ಷಸನೂ ಹಾಡುತ್ತಿದ್ದ, ಸಾಯುವವನೂ ಹಾಡಿಯೇ ಸಾಯುತ್ತಿದ್ದ, ಜನ ‘ಒನ್ಸ್‌ಮೋರ್’ ಎಂದರೆ ಮತ್ತೊಮ್ಮೆ ಎದ್ದು ಹಾಡಿ ಸಾಯುತ್ತಿದ್ದ. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿ ಹಾಡಿದವರು. ಖಳನಾಯಕ ಹಾಡಿದ್ದಕ್ಕೆ ಮುನಿಸಿಕೊಳ್ಳುವ ಪರಂಪರೆ ನಮ್ಮದಲ್ಲ.

ಆದರೂ ಈ ಚಿತ್ರದ ಹಾಡುಗಳು ಬೇಸರ ತಂದವು ಎಂಬುದು ನಿಜ, ನನಗೂ ತಂದವು. ಅದಕ್ಕೆ ಕಾರಣ ಬೇರೆ. ಕಂಪನಿ ನಾಟಕದಲ್ಲಿ ಮಾತು ಮುಗಿದು, ಇನ್ನು ಮಾತಿನಲ್ಲಿ ಹೇಳಲಾಗದು ಎಂಬಲ್ಲಿ ಪೇಟಿ ಸ್ವರ ಎತ್ತುತ್ತದೆ. ಹಾಡು ಮುಗಿಯುವ ಹೊತ್ತಿಗೆ ಪಾತ್ರ ಒಂದು ನಿರ್ಧಾರಕ್ಕೆ ಬಂದಿರುತ್ತದೆ. ಇಲ್ಲಿ ಆರ್ಥರ್ ಮತ್ತು ಅವನ ಪ್ರೇಯಸಿ ಲೀ (ಲೇಡಿ ಗಾಗಾ) ಹಾಡಲು ಶುರು ಮಾಡಿದ ಕೂಡಲೇ ಕಥೆ ನಿಂತು ಕಾಯುತ್ತದೆ, ಹಾಡು ಮುಗಿದ ಮೇಲೆ ಎಲ್ಲಿತ್ತೋ ಅಲ್ಲಿಂದಲೇ ಮತ್ತೆ ಹೊರಡುತ್ತದೆ. ಅವರ ಪ್ರೀತಿ ಹುಚ್ಚಿನ ಪ್ರೀತಿ ಎಂಬುದನ್ನು ಮೊದಲ ಹಾಡು ಹೇಳಿದ ಮೇಲೆ ಎರಡನೆಯದೂ ಮೂರನೆಯದೂ ಅದನ್ನೇ ಹೇಳುತ್ತವೆ. ಇನ್ನೊಂದು ಸಂಗತಿಯೂ ಇದೆ. ಹೆಚ್ಚಿನವು ಅಮೆರಿಕದ ಹಳೆಯ ಜನಪ್ರಿಯ ಗೀತೆಗಳು. ಅಲ್ಲಿನ ವಯಸ್ಸಾದ ಪ್ರೇಕ್ಷಕರಿಗೆ ಒಂದು ಸಾಲು ಕಿವಿಗೆ ಬಿದ್ದರೆ ಸಾಕು, ಅಪ್ಪನ ರೇಡಿಯೊ ನೆನಪಾಗಬಹುದು. ಹುಬ್ಬಳ್ಳಿಯಲ್ಲಿ ಕೂತವನಿಗೆ ಆ ಹಾಡಿನ ಹಿಂದೆ ಯಾವ ನೆನಪೂ ಇಲ್ಲ. ಕೆಳಗೆ ಓಡುವ ಅಕ್ಷರಗಳನ್ನು ಓದುತ್ತ ಕೂರಬೇಕು. ಲೇಡಿ ಗಾಗಾರಂಥ ದೊಡ್ಡ ಗಾಯಕಿಯನ್ನು ಕರೆತಂದು, ಆಕೆಯ ಪಾತ್ರಕ್ಕೆ ಆರ್ಥರ್‌ನನ್ನು ಹುರಿದುಂಬಿಸುವುದನ್ನು ಬಿಟ್ಟು ಹೆಚ್ಚಿನ ಕೆಲಸ ಕೊಡದೇ ಹೋದದ್ದು ಚಿತ್ರದ ದೊಡ್ಡ ಕೊರತೆ. ಇದು ಹಾಡುಗಳಿಂದ ತುಂಬಿದ ಚಿತ್ರವೆಂದು ಮೊದಲೇ ಗಟ್ಟಿಯಾಗಿ ಹೇಳಲು ಚಿತ್ರತಂಡದವರೇ ಹಿಂಜರಿದರು. ಹಬ್ಬದ ದಿನ ದುಡ್ಡು ಕೊಟ್ಟು ಬಂದವನಿಗೆ ಏನು ಬಡಿಸುತ್ತೇವೆಂದು ಹೇಳದಿರುವುದು ಸರಿಯಲ್ಲ. ಈ ವಿಷಯದಲ್ಲಿ ಅಭಿಮಾನಿಗಳ ಸಿಟ್ಟು ನೂರಕ್ಕೆ ನೂರು ನ್ಯಾಯವಾದದ್ದು.

ಆದರೆ ಜನ ‘ಮೋಸ’ ಎಂದದ್ದು ಹಾಡಿಗಲ್ಲ. ಮೊದಲ ಭಾಗದಲ್ಲಿ ಮಾಡಿದ ಕೊಲೆಗಳ ವಿಚಾರಣೆ ನಡೆಯುವಾಗ ನ್ಯಾಯಾಲಯದಲ್ಲಿ ಆರ್ಥರ್ ಆಡಿದ ಮಾತಿಗೆ. ಅಲ್ಲಿಯೇ ನಾನು ಅವರಿಂದ ಬೇರೆಯಾಗುತ್ತೇನೆ.

ಮೊದಲ ಭಾಗ ನೋಡಿದವರಿಗೆ ಗ್ಯಾರಿ ನೆನಪಿರಬೇಕು. ಆರ್ಥರ್ ಜೊತೆ ಕೋಡಂಗಿ ವೇಷ ಹಾಕುತ್ತಿದ್ದ, ಕುಳ್ಳಗಿನ ಸಹೋದ್ಯೋಗಿ. ಅವನ ಕಣ್ಣೆದುರೇ ಆರ್ಥರ್ ಇನ್ನೊಬ್ಬ ಸಹೋದ್ಯೋಗಿಯನ್ನು ಕೊಂದು, ಗ್ಯಾರಿಗೆ ಮಾತ್ರ ಹೋಗು ಎನ್ನುತ್ತಾನೆ. ಓಡಿದ ಗ್ಯಾರಿಗೆ ಬಾಗಿಲ ಮೇಲಿನ ಚಿಲಕ ಎಟಕುವುದಿಲ್ಲ. ತೆಗೆದುಕೊಡು ಎಂದು ಕೊಲೆಗಾರನನ್ನೇ ಕೇಳಬೇಕಾಗುತ್ತದೆ. 2019ರಲ್ಲಿ ಇದೇ ಊರಿನಲ್ಲಿ ನಾನು ಆ ದೃಶ್ಯ ನೋಡಿದಾಗ ಚಿತ್ರಮಂದಿರದಲ್ಲಿ ನಗು ಎದ್ದಿತ್ತು, ಸಿಳ್ಳೆಯೂ ಬಿದ್ದಿತ್ತು. ಐದು ವರ್ಷಗಳ ಮೇಲೆ ಅದೇ ಗ್ಯಾರಿ ಎರಡನೆಯ ಭಾಗದಲ್ಲಿ ಸಾಕ್ಷಿಯ ಕಟಕಟೆಗೆ ಬರುತ್ತಾನೆ. ವಕೀಲೆಯನ್ನು ಬಿಟ್ಟುಕೊಟ್ಟು ತನ್ನ ವಾದವನ್ನು ತಾನೇ ಮಾಡಲು ನಿಂತ ಆರ್ಥರ್, ಜೋಕರ್ ವೇಷದಲ್ಲಿಯೇ, ದನಿ ಬದಲಿಸಿಕೊಂಡು ಅವನನ್ನು ಪಾಟೀಸವಾಲಿಗೆ ಒಳಪಡಿಸುತ್ತಾನೆ. ಗ್ಯಾರಿ ನಡುಗುತ್ತಾನೆ. ಕೆಲಸದ ಜಾಗದಲ್ಲಿ ತನ್ನನ್ನು ಎಂದೂ ಹೀಯಾಳಿಸದವನು ಆರ್ಥರ್ ಒಬ್ಬನೇ, ಆದರೆ ಆ ದಿನದಿಂದ ತನಗೆ ಭಯ ಬಿಟ್ಟಿಲ್ಲ ಎಂಬ ಅರ್ಥದಲ್ಲಿ ಹೇಳುತ್ತಾನೆ. ಗ್ಯಾರಿಯ ಪಾತ್ರ ಮಾಡಿದ ಲೀ ಗಿಲ್ ಆ ಕೆಲವೇ ನಿಮಿಷಗಳಲ್ಲಿ ಇಡೀ ಚಿತ್ರವನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ನೆರೆದವರು ನಗುವುದಕ್ಕೆಂದು ಆರ್ಥರ್ ಕಟ್ಟಿದ ಆಟದ ನಡುವೆ ಒಬ್ಬ ಮನುಷ್ಯ ನಿಂತು, ನಿನ್ನ ಆಟದಿಂದ ನನಗೆ ಹೀಗಾಯಿತು ಎಂದು ಹೇಳುತ್ತಿದ್ದಾನೆ. ಆರ್ಥರ್‌ನ ಮುಖದ ಬಣ್ಣದ ಕೆಳಗೆ ಏನೋ ಕುಸಿಯುವುದು ಕಾಣುತ್ತದೆ. ಆ ಸಂಜೆ ನಾವು ಕೂತಿದ್ದಲ್ಲಿ ಒಬ್ಬರೂ ನಗಲಿಲ್ಲ.

ಅದಾದ ಮೇಲೆ ಜೈಲಿನ ಕಾವಲುಗಾರರು ಅವನನ್ನು ಹೊಡೆದು ಹಣ್ಣು ಮಾಡುತ್ತಾರೆ, ಅವನನ್ನು ನಂಬಿದ್ದ ಎಳೆಯ ಕೈದಿಯೊಬ್ಬನ ಕತ್ತು ಹಿಸುಕಿ ಕೊಲ್ಲುತ್ತಾರೆ. ಆ ಹುಡುಗ ಸತ್ತದ್ದು ಜೋಕರ್‌ನ ಪರವಾಗಿ ದನಿ ಎತ್ತಿದ್ದಕ್ಕೆ. ಮರುದಿನ ಆರ್ಥರ್ ನ್ಯಾಯಾಲಯದಲ್ಲಿ, ಜೋಕರ್ ಎಂಬವನಿಲ್ಲ, ಇರುವುದು ನಾನೊಬ್ಬನೇ ಎನ್ನುತ್ತಾನೆ. ತಾಯಿಯನ್ನು ಕೊಂದದ್ದನ್ನೂ ಒಪ್ಪಿಕೊಳ್ಳುತ್ತಾನೆ. ಲೀ ಎದ್ದು ಹೊರಗೆ ನಡೆಯುತ್ತಾಳೆ. ಇದನ್ನು ಅಭಿಮಾನಿಗಳು ಹೇಡಿತನ ಎಂದರು. ನಾಯಕನನ್ನು ಮಣ್ಣುಪಾಲು ಮಾಡಿದರು ಎಂದರು. ನನ್ನ ಕಣ್ಣಿಗೆ, ಎರಡೂ ಚಿತ್ರಗಳಲ್ಲಿ ಆರ್ಥರ್ ಮಾಡಿದ ಒಂದೇ ಒಂದು ಧೈರ್ಯದ ಕೆಲಸ ಅದು. ಮೊದಲ ಚಿತ್ರದುದ್ದಕ್ಕೂ ಅವನು ಬೇಡಿದ್ದು ಏನನ್ನು? ಯಾರಾದರೂ ತನ್ನನ್ನು ನೋಡಲಿ, ತಾನೊಬ್ಬ ಮನುಷ್ಯ ಇದ್ದೇನೆಂದು ಗುರುತಿಸಲಿ ಎಂದು. ಜೋಕರ್ ವೇಷ ಹಾಕಿದ ಮೇಲೆ ಎಲ್ಲರೂ ವೇಷವನ್ನು ನೋಡಿದರು, ಆರ್ಥರ್ ಮತ್ತೆ ಯಾರಿಗೂ ಕಾಣದವನಾದ. ಆ ವೇಷವನ್ನು ಕಳಚಿದರೆ ತನ್ನ ಹಿಂದಿರುವ ಸಾವಿರಾರು ಜನ, ತನ್ನ ಪ್ರೀತಿಯ ಹೆಂಗಸು, ಎಲ್ಲವೂ ಹೋಗುತ್ತದೆಂದು ಗೊತ್ತಿದ್ದೂ ಅವನು ಕಳಚಿದ. ಅಳಿಯನಿಗೆ ಇದನ್ನೇ ಹೇಳಿದೆ: ಮೊದಲ ಭಾಗದಲ್ಲಿ ನೀನು ಮರುಗಿದ್ದು ಆರ್ಥರ್‌ಗೆ, ಅವನಿಗಾಗಿಯೇ ಈ ಭಾಗವನ್ನೂ ನೋಡಬೇಕಿತ್ತು.

ಪಾತ್ರ ತಮ್ಮದೆಂದು ಅಭಿಮಾನಿಗಳು ಹಟ ಹಿಡಿಯುವುದು ಹೊಸದಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ ಪ್ರಕಟಿಸುವ ಡಿಸಿ ಸಂಸ್ಥೆ, ಜೋಕರ್‌ನ ಕೈಗೆ ಸಿಕ್ಕ, ಬ್ಯಾಟ್‌ಮ್ಯಾನ್‌ನ ಜೊತೆಗಾರ ಹುಡುಗ, ಎರಡನೆಯ ರಾಬಿನ್ ಜೇಸನ್ ಟಾಡ್, ಬದುಕಬೇಕೋ ಸಾಯಬೇಕೋ ಎಂಬುದನ್ನು ಓದುಗರಿಗೇ ಬಿಟ್ಟಿತು. ಎರಡು ಫೋನ್ ನಂಬರ್ ಕೊಟ್ಟು ಮತ ಹಾಕಿಸಿತು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಎಪ್ಪತ್ತೆರಡು ಮತಗಳ ಅಂತರದಲ್ಲಿ ಹುಡುಗ ಸತ್ತ. ಆಗ ಜನ ಕೇಳಿದ್ದನ್ನೇ ಕೊಟ್ಟರು. ಆದರೂ ಹುಡುಗನನ್ನು ಕೊಂದರೆಂಬ ಆಕ್ಷೇಪ ಎದ್ದಿತು, ವರ್ಷಗಳ ಮೇಲೆ ಅದೇ ಜೇಸನ್ ಟಾಡ್‌ನನ್ನು ಕಥೆಯಲ್ಲಿ ಬದುಕಿಸಿ ತರಬೇಕಾಯಿತು. 1989ರ ಚಿತ್ರಕ್ಕೆ ಮೈಕೆಲ್ ಕೀಟನ್ ಬ್ಯಾಟ್‌ಮ್ಯಾನ್ ಎಂದಾಗ ವಾರ್ನರ್ ಸಂಸ್ಥೆಗೆ ಪ್ರತಿಭಟನೆಯ ಪತ್ರಗಳು ರಾಶಿರಾಶಿಯಾಗಿ ಬಂದವು. 2006ರಲ್ಲಿ ಹೀತ್ ಲೆಜರ್ ಹೆಸರು ಜೋಕರ್ ಪಾತ್ರಕ್ಕೆ ಬಂದಾಗ ಅವನ ಚೆಲುವನ್ನೂ ಹಿಂದಿನ ಪಾತ್ರಗಳನ್ನೂ ಹಿಡಿದು ಗೇಲಿ ಮಾಡಿದರು. 2008ರ ಜನವರಿಯಲ್ಲಿ ಅವನು ತೀರಿಕೊಂಡ. ಆ ವರ್ಷದ ಜುಲೈಯಲ್ಲಿ ‘ದ ಡಾರ್ಕ್ ನೈಟ್’ ಬಂತು. ಮರುವರ್ಷ ಅವನಿಲ್ಲದ ವೇದಿಕೆಯಲ್ಲಿ ಆಸ್ಕರ್ ಅವನಿಗೆ ಸಂದಿತು. ಇಂದು ಆಟೋದ ಹಿಂದೆ ಅಂಟಿಕೊಂಡಿರುವುದು, ಅಂದು ಅಭಿಮಾನಿಗಳೇ ಬೇಡವೆಂದ ಆ ಮುಖ.

ಹಾಗೆಂದು ಅಭಿಮಾನಿಗಳ ಒತ್ತಾಯವೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ಮಗಳನ್ನು ಕಳೆದುಕೊಂಡ ದುಃಖದಲ್ಲಿ ಝಾಕ್ ಸ್ನೈಡರ್ ‘ಜಸ್ಟೀಸ್ ಲೀಗ್’ ಚಿತ್ರವನ್ನು ಅರ್ಧಕ್ಕೆ ಬಿಟ್ಟು, ಬೇರೊಬ್ಬರು ಮುಗಿಸಿದ ಚಿತ್ರ 2017ರಲ್ಲಿ ಬಂದಾಗ, ಸ್ನೈಡರ್‌ನ ಚಿತ್ರವನ್ನೇ ತೋರಿಸಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಹಟ ಹಿಡಿದರು. ಅವರಲ್ಲಿ ಕೆಲವರ ನಡತೆ ಅಸಹ್ಯವಾಗಿತ್ತು. ಆದರೆ ಅದೇ ಚಳವಳಿ ಆತ್ಮಹತ್ಯೆ ತಡೆಯುವ ಕೆಲಸಕ್ಕೆಂದು ಲಕ್ಷಾಂತರ ಡಾಲರ್ ಕೂಡಿಸಿಕೊಟ್ಟಿತು. 2021ರಲ್ಲಿ ನಾಲ್ಕು ಗಂಟೆಯ ಆ ಚಿತ್ರ ಬಂತು, ಮೊದಲಿನದಕ್ಕಿಂತ ಚೆನ್ನಾಗಿಯೂ ಇತ್ತು. ಅಲ್ಲಿ ಅಭಿಮಾನಿಗಳು ಕೇಳಿದ್ದು ತಮಗೆ ಬೇಕಾದ ಕಥೆಯನ್ನಲ್ಲ, ಮಾಡುವವನು ಮಾಡಬೇಕೆಂದಿದ್ದ ಕಥೆಯನ್ನು. ಆರ್ಥರ್ ವಿಷಯದಲ್ಲಿ ಕೇಳಿದ್ದು ಇದರ ತದ್ವಿರುದ್ಧ.

ಕಥೆ ತಿರುಗಿಸಿದವರನ್ನು ಈ ನೆಲ ಹೇಗೆ ನಡೆಸಿಕೊಂಡಿತೆಂದು ನೋಡಿ. ಅಣ್ಣಿಗೇರಿಯ ನಂಟಿನ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಗದುಗಿನ ಕುಮಾರವ್ಯಾಸ ಅವಳನ್ನು ಮತ್ತೆ ಐವರಿಗೂ ಹೆಂಡತಿಯಾಗಿ ತಂದ. ಎರಡನ್ನೂ ನಾವು ತಲೆಯ ಮೇಲಿಟ್ಟುಕೊಂಡಿದ್ದೇವೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ್ದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿದ. ಆ ಮುಂದಿನ ಭಾಗಕ್ಕೆ ಗದುಗಿನ ಭಾರತಕ್ಕಿರುವ ಪ್ರೀತಿ ಸಿಗಲಿಲ್ಲ, ಆದರೆ ಅದೇಕೆ ಬರೆದೆ ಎಂದು ಯಾರೂ ತಿಮ್ಮಣ್ಣನ ಮೇಲೆ ಏರಿ ಹೋಗಲಿಲ್ಲ. ಗದಗ, ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಬೆಳತನಕ ದೊಡ್ಡಾಟದ ಕರ್ಣಪರ್ವ ನೋಡಿದವರಿಗೆ ಕರ್ಣ ಸಾಯುವುದು ಮೊದಲೇ ಗೊತ್ತಿರುತ್ತದೆ. ಅವನ ಮೇಲೆ ಜೀವ ಇಟ್ಟುಕೊಂಡವರೇ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವನನ್ನು ಉಳಿಸಿ ಎಂದು ಅವರು ಕೇಳುವುದಿಲ್ಲ. ಸಾಯುವಾಗ ಪಾತ್ರಧಾರಿಯ ದನಿ ಸೋತರೆ, ಕುಣಿತ ತಪ್ಪಿದರೆ, ಮರುದಿನ ಕಟ್ಟೆಯ ಮೇಲೆ ಕೂತು ಬಿಡದೆ ಬೈಯುತ್ತಾರೆ. ಆ ಬೈಗುಳ ನನಗೆ ಹಿಡಿಸುತ್ತದೆ. ಅದರಲ್ಲಿ ಆಟವನ್ನು ಪೂರ್ತಿ ನೋಡಿದ ಗುರುತು ಇರುತ್ತದೆ.

ಈ ಚಿತ್ರದ ವಿಷಯದಲ್ಲಿ ಅದೂ ಆಗಲಿಲ್ಲ ಎಂಬುದು ನನ್ನ ನೋವು. ಸೆಪ್ಟೆಂಬರ್‌ನಲ್ಲಿ ವೆನಿಸ್‌ನ ಪ್ರದರ್ಶನ ಮುಗಿದ ಕೂಡಲೇ ಹಾಡು ಹೆಚ್ಚಂತೆ, ಕೊನೆ ಚೆನ್ನಾಗಿಲ್ಲವಂತೆ ಎಂಬ ಸುದ್ದಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂತು. ತೆರೆಕಂಡ ವಾರಾಂತ್ಯ ಮುಗಿಯುವ ಮೊದಲೇ ‘ಡಿ’ ದರ್ಜೆಯ ಚಿತ್ರ ಎಲ್ಲರ ಸ್ಟೇಟಸ್ಸಿನಲ್ಲಿತ್ತು. ನಿಧಾನವಾಗಿ ನೋಡಿದರಾಯಿತು ಎಂದುಕೊಂಡಿದ್ದ ನನ್ನ ಗೆಳೆಯರಿಗೆ ಎರಡನೆಯ ವಾರ ಅನುಕೂಲದ ಹೊತ್ತಿನಲ್ಲಿ ಒಂದು ಆಟವೂ ಸಿಗಲಿಲ್ಲ. ನೋಡದೆಯೇ ಮೋಸ ಎಂದವರು ನನ್ನ ಪರಿಚಯದಲ್ಲೇ ಸಾಕಷ್ಟು ಜನರಿದ್ದಾರೆ. ಅವರಿಗೆ ಗ್ಯಾರಿ ಕಟಕಟೆಯಲ್ಲಿ ಏನು ಹೇಳಿದನೆಂಬುದು ಗೊತ್ತಿಲ್ಲ. ಆ ದೃಶ್ಯವನ್ನು ನೋಡಿ, ಇದು ನನಗೆ ಸೇರಲಿಲ್ಲ ಎನ್ನಲಿ, ನಾನು ಇಡೀ ರಾತ್ರಿ ಕೂತು ಜಗಳವಾಡಲು ಸಿದ್ಧ. ನೋಡದವರ ಜೊತೆ ಜಗಳಕ್ಕೂ ದಾರಿಯಿಲ್ಲ.

ಅಳಿಯ ನೋಡಿದವನು, ಹಾಗಾಗಿ ನಮ್ಮಿಬ್ಬರ ಜಗಳ ಇನ್ನೂ ನಡೆದಿದೆ. ಈಗ ಅದು ಕೊನೆಯ ದೃಶ್ಯಕ್ಕೆ ಬಂದು ನಿಂತಿದೆ. ಅಲ್ಲಿ ಒಬ್ಬ ತರುಣ ಕೈದಿ ಆರ್ಥರ್‌ನನ್ನು ಚಾಕುವಿನಿಂದ ಇರಿದು ಕೊಲ್ಲುತ್ತಾನೆ. ಆರ್ಥರ್ ನೆಲಕ್ಕೆ ಬಿದ್ದಾಗ ಹಿಂದೆ ಮಸುಕಾಗಿ ಆ ತರುಣ ನಗುತ್ತ ತನ್ನ ಬಾಯಿಯನ್ನು ತಾನೇ ಸೀಳಿಕೊಳ್ಳುವುದು ಕಾಣುತ್ತದೆ. ಇವನೇ ನಿಜವಾದ ಜೋಕರ್, ಮುಂದೆ ಬ್ಯಾಟ್‌ಮ್ಯಾನ್‌ಗೆ ಎದುರಾಗುವವನು ಇವನೇ ಎಂದು ಅಳಿಯ ಹೇಳುತ್ತಾನೆ, ಆ ಚಿತ್ರದಲ್ಲಿ ಅವನಿಗೆ ಸೇರಿದ್ದು ಅದೊಂದೇ ದೃಶ್ಯ. ನನಗೆ ನಿಜವಾದ ಸಿಟ್ಟು ಬಂದದ್ದು ಅಲ್ಲಿಯೇ. ಜೋಕರ್ ಎಂಬವನಿಲ್ಲ ಎಂದು ಅಷ್ಟು ಕಷ್ಟಪಟ್ಟು ಹೇಳಿಸಿದ ನಿರ್ದೇಶಕರು, ಮನೆಗೆ ಹೊರಟು ನಿಂತ ಅಭಿಮಾನಿಯ ಕೈಗೆ ಕೊನೆಯ ಗಳಿಗೆಯಲ್ಲಿ ಇನ್ನೊಬ್ಬ ಜೋಕರ್‌ನನ್ನು ಇಟ್ಟು ಕಳಿಸಿದರು. ಆರ್ಥರ್ ಆ ಮಾತು ಹೇಳಿದ್ದಕ್ಕೆ ತೆತ್ತ ಬೆಲೆ ಸಣ್ಣದಲ್ಲ, ಅದರ ಮೇಲೆ ಚಿತ್ರವೇ ನಂಬಿಕೆ ಇಡದೇ ಹೋಯಿತು. ನೋಡಿ ಬಂದವರು ಈ ದೃಶ್ಯದ ಬಗ್ಗೆ ಏನೆನ್ನುತ್ತೀರೋ ಕೆಳಗೆ ಬರೆಯಿರಿ, ಅಳಿಯನೂ ಓದುತ್ತಾನೆ.